ಮೇಣದ ಕೆಳಗಿನ ಸ್ವರ

ಹೂವಿನ ಹಿಪ್ಪರಗಿಯ ಧೂಳಪ್ಪನ ಸನಾದಿಗೂ ಬೇರೆಯವರ ಸನಾದಿಯ ಹಾಗೆ ಏಳು ತೂತುಗಳಿವೆ. ಆದರೆ ಏಳನ್ನೂ ಜೇನುಮೇಣ ತುಂಬಿ ಮುಚ್ಚಲಾಗಿತ್ತು. ಹಾಗೆ ಮುಚ್ಚಿದ ಕೊಳವೆಯಿಂದ ಒಂದೇ ಒಂದು ಸ್ವರ ಹೊರಡುತ್ತದೆ. ಇಪ್ಪತ್ತೈದು ವರ್ಷ ಧೂಳಪ್ಪ ಆ ಒಂದು ಸ್ವರವನ್ನೇ ಊದಿಕೊಂಡು ಬಂದ.

ಊರಿನ ಕರಡಿ ಮಜಲು ಮೇಳದಲ್ಲಿ ಅವನದು ಶ್ರುತಿ ಹಿಡಿಯುವ ಕೆಲಸ. ಕರಡಿ ಎಂದರೆ ಕೊರಳಿಗೆ ಹಾಕಿಕೊಂಡು ಬಾರಿಸುವ ದಪ್ಪ ಚರ್ಮವಾದ್ಯ. ಅದನ್ನು ಚಂದಪ್ಪ ಬಾರಿಸುತ್ತಾನೆ. ಹಾಡು ನುಡಿಸುವ ಮುಖ್ಯ ಸನಾದಿ ಗುರಲಿಂಗಪ್ಪನದು. ಧೂಳಪ್ಪ ಗುರಲಿಂಗಪ್ಪನ ಎಡಕ್ಕೆ, ಅರ್ಧ ಹೆಜ್ಜೆ ಹಿಂದೆ ನಿಲ್ಲುತ್ತಾನೆ. ಹಾಡು ಶುರುವಾಗುವ ಮೊದಲು ಅವನ ಸ್ವರ ಶುರುವಾಗಬೇಕು, ಹಾಡು ಮುಗಿದ ಮೇಲೆ ನಿಲ್ಲಬೇಕು. ನಡುವೆ ಎಲ್ಲಿಯೂ ಕಡಿಯಬಾರದು.

ಕಡಿಯದಂತೆ ಊದುವುದು ಹೇಗೆಂದು ಕೇಳಿದವರಿಗೆ ಅವನು ಕೆನ್ನೆ ಉಬ್ಬಿಸಿ ತೋರಿಸುತ್ತಾನೆ. ಕೆನ್ನೆಯಲ್ಲಿ ಗಾಳಿ ತುಂಬಿಟ್ಟುಕೊಂಡು, ಅದನ್ನು ಕೆನ್ನೆಯ ಒತ್ತಡದಿಂದಲೇ ಕೊಳವೆಗೆ ಬಿಡುತ್ತ, ಅದೇ ಹೊತ್ತಿಗೆ ಮೂಗಿನಿಂದ ಹೊಸ ಉಸಿರು ಎಳೆದುಕೊಳ್ಳಬೇಕು. ಪುಪ್ಪುಸ ತುಂಬುವಾಗ ಕೆನ್ನೆ ಖಾಲಿಯಾಗುತ್ತದೆ, ಆಮೇಲೆ ಪುಪ್ಪುಸದಿಂದ ಕೆನ್ನೆಗೆ. ಔಡಲದ ಎಲೆಯ ಟೊಳ್ಳು ದಂಟನ್ನು ತಂಬಿಗೆಯ ನೀರಿನಲ್ಲಿಟ್ಟು, ಗುಳ್ಳೆ ನಿಲ್ಲದಂತೆ ಊದಿ ಊದಿ ಇದನ್ನು ಕಲಿಯುತ್ತಾರೆ. ಧೂಳಪ್ಪ ಕುರಿ ಕಾಯುತ್ತ ಕಲಿತ. ಈಗಲೂ ಮನೆಯಲ್ಲಿ ಹನ್ನೆರಡು ಕುರಿ, ಊರ ಹೊರಗೆ ತೊಗರಿ ಬೆಳೆಯುವ ಸ್ವಲ್ಪ ಹೊಲ ಇವೆ.

ಅವನ ಸನಾದಿ ಹುಟ್ಟಿದ್ದು ಶ್ರುತಿಗಾಗಿ ಅಲ್ಲ. ಅವನೂ ಗುರಲಿಂಗಪ್ಪನೂ ಒಬ್ಬರೇ ಉಸ್ತಾದರ ಹತ್ತಿರ ಹಾಡು ಕಲಿತವರು. ಗುರಲಿಂಗಪ್ಪ ಹತ್ತು ವರ್ಷ ದೊಡ್ಡವನು. ಆಗ ಮೇಳದಲ್ಲಿ ಶ್ರುತಿ ಊದುತ್ತಿದ್ದವನು ಕೊಲ್ಹಾರದವನು. ಹಿನ್ನೀರು ಏರಿ ಹಳೆಯ ಕೊಲ್ಹಾರ ಮುಳುಗುವ ಕಾಲಕ್ಕೆ ಅವನಿಗೆ ಹೊಸ ಊರಿನಲ್ಲಿ ಮನೆ ಕಟ್ಟುವುದೇ ದೊಡ್ಡ ಕೆಲಸವಾಗಿ, ಮೇಳಕ್ಕೆ ಬರುವುದನ್ನು ಬಿಟ್ಟ. ಮರುದಿನವೇ ಒಂದು ಮದುವೆಗೆ ಹೋಗಬೇಕಾಗಿತ್ತು. ಉಸ್ತಾದರು ಧೂಳಪ್ಪನ ಸನಾದಿಯನ್ನು ಕೈಗೆ ತೆಗೆದುಕೊಂಡು, ಮೇಣ ಕಾಯಿಸಿ, ಏಳೂ ತೂತುಗಳನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿದರು.

"ಇದೊಂದು ಸುಗ್ಗಿ ಸುತಿ ಹಿಡಿ, ಮುಂದ ಬ್ಯಾರೆದವ್ರನ್ನ ನೋಡೂಣು" ಎಂದರು.

ಬೇರೆಯವರು ಸಿಗಲಿಲ್ಲ. ಎರಡು ವರ್ಷದ ಮೇಲೆ ಉಸ್ತಾದರು ತೀರಿಕೊಂಡರು. ಆ ಮೇಣವನ್ನು ತೆಗೆ ಎಂದು ಹೇಳಬೇಕಾದವರು ಅವರೇ ಆಗಿದ್ದರಿಂದ ಅದು ಹಾಗೆಯೇ ಉಳಿಯಿತು. ಕಪ್ಪಾಗಿ, ಕಲ್ಲಿನಂತೆ ಗಟ್ಟಿಯಾಗಿ, ಪ್ರತಿ ತೂತಿನ ಮೇಲೂ ಉಸ್ತಾದರ ಹೆಬ್ಬೆರಳಿನ ಗೆರೆ ಕಾಣುವಂತೆ.

ಧೂಳಪ್ಪ ಇದರ ಬಗ್ಗೆ ದೂರಿದ್ದನ್ನು ಯಾರೂ ಕೇಳಿಲ್ಲ. ಶ್ರುತಿ ಸರಿಯಿದ್ದರೆ ಅದನ್ನು ಯಾರೂ ಗಮನಿಸುವುದಿಲ್ಲ, ತಪ್ಪಿದರೆ ಮಾತ್ರ ಎಲ್ಲರೂ ತಿರುಗಿ ನೋಡುತ್ತಾರೆ. ತನ್ನ ಕಡೆಗೆ ಯಾರೂ ತಿರುಗಿ ನೋಡದಂತೆ ಅವನು ಕೆಲಸ ಮಾಡಿದ. ಆದರೆ ಊದುವಾಗ ಅವನ ಬಲಗೈಯ ಬೆರಳುಗಳು ಮೇಣದ ಮೇಲೆ ಸುಮ್ಮನೆ ಇರುತ್ತಿರಲಿಲ್ಲ. ಗುರಲಿಂಗಪ್ಪ ನುಡಿಸುವ ಹಾಡಿಗೆ ಸರಿಯಾಗಿ ಒಂದೊಂದಾಗಿ ಏಳುತ್ತ ಬೀಳುತ್ತ ಇರುತ್ತಿದ್ದವು. ಅವನ ಹೆಂಡತಿ ರಾಮವ್ವ ಇದನ್ನು ನೋಡಿದ್ದಳು. ಒಮ್ಮೆ ಕೇಳಿಯೂ ಬಿಟ್ಟಳು: "ಮುಚ್ಚಿದ ಬಾಗಲಾ ಯಾಕ ಬಡೀತೀರಿ?" ಅವನು ನಕ್ಕು ಕುರಿಗಳ ಕಡೆ ಹೋದ.

ಹೋದ ವರ್ಷ ಝಳಕಿಯಲ್ಲಿ, ಹೆದ್ದಾರಿ ಬದಿಗೆ ಒಂದು ಹೊಸ ಧಾಬಾ ತೆರೆದರು. ಮೇಳವನ್ನು ಉದ್ಘಾಟನೆಗೆ ಕರೆಸಿದ್ದರು. ಲಾರಿಗಳ ಸದ್ದಿನ ನಡುವೆ ಮೇಳ ನುಡಿಸುತ್ತಿದ್ದಾಗ ಪುಣೆಯ ಕಡೆಗೆ ಹೊರಟಿದ್ದ ಒಂದು ಕಾರು ಚಹಾಕ್ಕೆ ನಿಂತಿತು. ಇಳಿದವಳು ನಿಷತ, ಇಂಡಿ ಪಟ್ಟಣದ ನಿಂಬೆಹಣ್ಣಿನ ವ್ಯಾಪಾರಿ ಯುನೂಸನ ಮಗಳು. ಪುಣೆಯಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತಾಳೆ. ಅವಳು ನುಡಿಸುವ ಸಂಗೀತದ ಹೆಸರು ಜಾಝ್. ಚಹಾ ಆರಿಹೋಯಿತು. ಮೇಳ ನಿಲ್ಲಿಸಿದ ಮೇಲೆ ಅವಳು ಗುರಲಿಂಗಪ್ಪನ ಹತ್ತಿರ ಬಂದು, ಹೊಸದಾಗಿ ಒಂದು ರೆಕಾರ್ಡಿಂಗ್ ಮಾಡುವವಳಿದ್ದೇನೆ, ಅದರಲ್ಲಿ ನೀವೂ ನುಡಿಸಬೇಕು ಎಂದಳು.

"ಎಲ್ಲಿ, ಪುಣೆದಾಗೇನು?" ಗುರಲಿಂಗಪ್ಪ ಕೇಳಿದ.

"ಇಂಡ್ಯಾಗ ಮಾಡೂಣ್ರಿ ಕಾಕಾ. ನಮ್ಮ ಅಬ್ಬಾನ ಗೋದಾಮು ಖಾಲಿ ಐತಿ."

"ನಿಂಬಿಹಣ್ಣಿನ ಗೋದಾಮಿನ್ಯಾಗ ಸಂಗೀತ?"

"ನೀವು ಧಾಬಾದಾಗ ಬಾರಿಸಾಕತ್ತೀರಿ ಅಲ್ರಿ."

ಚಂದಪ್ಪ ಕರಡಿಯ ಮೇಲೆ ಒಂದು ಪೆಟ್ಟು ಹಾಕಿ, "ತಂಗಿ ಗೆದ್ದಳು" ಎಂದ.

ಎಲ್ಲರೂ ಮೊದಲ ಸಲ ಗೋದಾಮಿನಲ್ಲಿ ಕೂಡಿದ್ದು ಮಾತಿಗೆ. ನಿಷತಳ ಜೊತೆ ಆಳೆತ್ತರದ ತಂತಿವಾದ್ಯ ಬಾಸ್ ನುಡಿಸುವ ಅನಿಲ ಇದ್ದ. ರೆಕಾರ್ಡಿಂಗ್ ನೋಡಿಕೊಳ್ಳಲು ಮುದ್ದೇಬಿಹಾಳದ ಸಲ್ಮಾನ ಬಂದಿದ್ದ. ಊರಿನಲ್ಲಿ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವ ಮನೆಯವನು. ಬರಿಯ ಗೋಡೆಗಳು ಸದ್ದನ್ನು ಹಿಂದಕ್ಕೆ ಎಸೆಯುತ್ತವೆಂದು ಅವನು ಯುನೂಸನ ಗೋಣಿಚೀಲಗಳನ್ನು ಸಾಲಾಗಿ ಗೋಡೆಗೆ ತೂಗುಹಾಕಿದ್ದ. ಚಪ್ಪಾಳೆ ತಟ್ಟಿ ನೋಡಿದರೆ ಸದ್ದು ಗೋಣಿಯೊಳಗೆ ಇಂಗಿಹೋಗುತ್ತಿತ್ತು. ನಿಂಬೆಯ ಹುಳಿ ವಾಸನೆ ಮಾತ್ರ ಎಲ್ಲಿಗೂ ಇಂಗಿರಲಿಲ್ಲ. ಅದರ ಜೊತೆ ನೊಣಗಳೂ ಇದ್ದವು.

ಜಾಝ್ ಎಂದರೇನೆಂದು ತಿಳಿಸಲು ನಿಷತ ಇತ್ತೀಚೆಗೆ ಬೇರೆ ಬೇರೆ ದೇಶದವರು ಮಾಡಿದ ಹೊಸ ರೆಕಾರ್ಡಿಂಗ್‌ಗಳನ್ನು ಕೇಳಿಸಿದಳು. ಒಂದರಲ್ಲಿ ಪಿಯಾನೊ ಮತ್ತು ಡ್ರಮ್ ಬಹಳ ಹೊತ್ತು ಒಂದಕ್ಕೊಂದು ಸಂಬಂಧವಿಲ್ಲದಂತೆ ನಡೆದವು. ಗುರಲಿಂಗಪ್ಪ ಕಣ್ಣು ಮುಚ್ಚಿ ಕೇಳಿ, ವಿನಯದಿಂದಲೇ ಕೇಳಿದ: "ಇವ್ರು ಇನ್ನೂ ಸುತಿ ಕೂಡಸಾಕತ್ತಾರೇನು?"

"ಇಲ್ರಿ ಕಾಕಾ. ಮುಗೀತು ಅದು."

"ಹೌದಾ" ಎಂದ ಅವನು.

ಆಮೇಲೆ ಅವಳು ಬಾಯಿಮಾತಿನಲ್ಲಿ ವಿವರಿಸಿದಳು. ಮೊದಲು ಎಲ್ಲರೂ ಸೇರಿ ಒಂದು ಹಾಡು ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಆ ಹಾಡನ್ನು ಹಿಡಿದು ಆ ಗಳಿಗೆಗೆ ಹೊಳೆದದ್ದನ್ನು ನುಡಿಸುತ್ತಾರೆ, ಉಳಿದವರು ಕಿವಿಗೊಟ್ಟು ಅವರ ಹಿಂದೆ ನಡೆಯುತ್ತಾರೆ. ಕೊನೆಗೆ ಎಲ್ಲರೂ ಹಾಡಿಗೆ ಮರಳುತ್ತಾರೆ. ಚಂದಪ್ಪನಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. "ನಮ್ಮ ಮಜಲಿನ್ಯಾಗೂ ಹಂಗ ಅಲ್ರಿ" ಎಂದ.

ಹೊಸದು ಬಂದದ್ದು ಕೊನೆಗೆ. ಹಾಡಿನ ನಡುವೆ ಎಂಟು ಸುತ್ತು ಶ್ರುತಿಯನ್ನು ಒಂದು ಮೆಟ್ಟಿಲು ಮೇಲೆ ಏರಿಸಬೇಕು, ಆಮೇಲೆ ಮೊದಲಿನ ಜಾಗಕ್ಕೆ ಇಳಿಸಬೇಕು ಎಂದಳು ನಿಷತ. ಅದೇ ಹಾಡು, ಕೆಳಗಿನ ಸ್ವರ ಬದಲಾದರೆ ಬೇರೆಯಾಗಿ ಕೇಳಿಸುತ್ತದೆ. ಅನಿಲ ಬಾಸ್ ಮೇಲೆ ನುಡಿಸಿ ತೋರಿಸಿದ.

ಗುರಲಿಂಗಪ್ಪ ತಲೆ ಅಲ್ಲಾಡಿಸಿದ. "ಸುತಿ ಅಲ್ಲಾಡೂದಿಲ್ಲವಾ. ಅದು ಅಲ್ಲಾಡಿದ್ರ ನಾ ಎಲ್ಲಿ ನಿಂದರ್ಲಿ? ಅದು ಎಲ್ಲೈತಿ ಅಲ್ಲೇ ಸನಾದಿ. ನಮ್ಮ ಉಸ್ತಾದ್ರು ಕಲಿಸಿದ್ದು ಇಷ್ಟ."

"ಹಂಗಾದ್ರ ಮೊಬೈಲಿನ್ಯಾಗ ಸುತಿ ಐತ್ರಿ" ಎಂದ ಸಲ್ಮಾನ. "ಬಟನ್ ಒತ್ತಿದ್ರ ಏರ್ತೈತಿ, ಒತ್ತಿದ್ರ ಇಳೀತೈತಿ. ಧೂಳಪ್ಪ ಕಾಕಾ ಆ ಹಾಡಿಗೆ ಆರಾಮ ಕುಂದರ್ಲಿ."

ಎಲ್ಲರೂ ಧೂಳಪ್ಪನ ಕಡೆಗೆ ನೋಡಿದರು. ಅವನಿಗೆ ಅದು ರೂಢಿಯಿರಲಿಲ್ಲ. ಸನಾದಿಯನ್ನು ತೊಡೆಯ ಮೇಲಿಟ್ಟುಕೊಂಡು ಕೆಳಗಿನ ತೂತಿನ ಮೇಲೆ ಬೆರಳಾಡಿಸುತ್ತಿದ್ದ. ಕೊಳವೆಯ ಲೆಕ್ಕ ಅವನಿಗೆ ಗೊತ್ತಿತ್ತು: ಆ ತೂತು ತೆರೆದರೆ ಒಳಗಿನ ಗಾಳಿಯ ಕಂಬ ಅಷ್ಟು ಗಿಡ್ಡವಾಗಿ ಸ್ವರ ಒಂದು ಮೆಟ್ಟಿಲು ಏರುತ್ತದೆ, ಬೆರಳಿನಿಂದ ಮುಚ್ಚಿದರೆ ಮತ್ತೆ ಇಳಿಯುತ್ತದೆ.

"ಕೆಳಗಿಂದೊಂದು ತಗದ್ರ ಬರ್ತೈತ್ರಿ" ಎಂದ ಮೆಲ್ಲಗೆ.

ಗುರಲಿಂಗಪ್ಪ ಅವನನ್ನು ನೋಡಿದ. ದನಿ ಏರಿಸಲಿಲ್ಲ. "ಉಸ್ತಾದ್ರ ಕೈಲೆ ಮುಚ್ಚಿದ್ದೋ ಧೂಳ್ಯಾ ಅದು. ತಗದಿ ಅಂದ್ರ ತಿರುಗಿ ಮುಚ್ಚವ್ರು ಯಾರು?"

ರೆಕಾರ್ಡಿಂಗ್‌ಗೆ ಒಂದು ವಾರ ಇತ್ತು.

ಆ ವಾರ ಅವನು ದಿನಾ ಕುರಿ ಹೊಡೆದುಕೊಂಡು ಹೋಗುವಾಗ ಸನಾದಿಯನ್ನು ಹೆಗಲಿಗೆ ಹಾಕಿಕೊಂಡು ಹೋದ, ಹಾಗೆಯೇ ತಂದ. ಅವನಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ತನ್ನ ಬೆರಳು ಎತ್ತಿದಾಗ ಒಂದು ಸಲ, ಒಂದೇ ಒಂದು ಸಲ, ಸ್ವರ ಬದಲಾಗಬೇಕಾಗಿತ್ತು. ಅದರ ಇನ್ನೊಂದು ಬದಿಗೆ ಗುರಲಿಂಗಪ್ಪ ಇದ್ದ. ಗುರಲಿಂಗಪ್ಪ ಹಿಂದೆ ತಿರುಗಿ ನೋಡದೆ ನುಡಿಸುತ್ತಾನೆ. ಇಪ್ಪತ್ತೈದು ವರ್ಷ ತಿರುಗಿ ನೋಡುವ ಕಾರಣ ಅವನಿಗೆ ಬಂದಿರಲಿಲ್ಲ. ಮೇಣ ತೆಗೆದರೆ ಆ ನಂಬಿಕೆ ಮೊದಲಿನಂತೆ ಇರುತ್ತದೆಯೇ ಎಂಬುದು ಧೂಳಪ್ಪನಿಗೆ ಗೊತ್ತಿರಲಿಲ್ಲ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಅವನು ಅಂಗಳದಲ್ಲಿ ಬೇವಿನ ನೆರಳಿಗೆ ಕೂತಿದ್ದ. ಸನಾದಿ ಮುಂದೆ ಇತ್ತು. ರಾಮವ್ವ ತೊಗರಿಬೇಳೆ ಹಸನು ಮಾಡುತ್ತಿದ್ದಳು.

"ತಗೀರಿ, ಇಲ್ಲಾ ಒಳಗ ಇಡ್ರಿ" ಎಂದಳು. "ಕೋಳಿ ಕಾವಿಗೆ ಕುಂತಂಗ ಕುಂತೀರಲ್ಲ."

"ಗುರಲಿಂಗಪ್ಪ ಕಾಕಾಗ ಬ್ಯಾಡಾಗೇತಿ."

"ನಿಮಗ?"

ಧೂಳಪ್ಪ ಕೆಳಗಿನ ತೂತಿನ ಮೇಲೆ ಬೆರಳಿಟ್ಟ. ರಾಮವ್ವ ಮೊರ ಕೆಳಗಿಟ್ಟು, ಬಳೆಗೆ ಸಿಕ್ಕಿಸಿದ್ದ ಪಿನ್ನುಗಳಲ್ಲಿ ಒಂದನ್ನು ಬಿಡಿಸಿ ಅವನ ಕೈಗೆ ಕೊಟ್ಟಳು. "ನನಗ ಇಷ್ಟು ವರ್ಷ ಒಂದ ಮಾತು ಹೇಳೀರಿ. ಎರಡನೇದು ಏನೈತಿ ನಾನೂ ಕೇಳ್ತೇನಿ."

ಪಿನ್ನಿನ ತುದಿಯಿಂದ ಚುಚ್ಚಿದಾಗ ಮೇಣ ಇಡಿಯಾಗಿ ಬರಲಿಲ್ಲ. ಅಷ್ಟು ವರ್ಷಕ್ಕೆ ಒಣಗಿ ಪುಡಿಪುಡಿಯಾಗಿ ಉದುರಿತು. ಉಸ್ತಾದರ ಹೆಬ್ಬೆರಳಿನ ಗೆರೆ ಮೊದಲ ಚುಚ್ಚಿಗೇ ಹೋಯಿತು. ಧೂಳಪ್ಪ ಅಂಗೈಯ ಮೇಲಿನ ಪುಡಿಯನ್ನು ಸ್ವಲ್ಪ ಹೊತ್ತು ನೋಡಿದ. ಅದನ್ನು ಸೇರಿಸಿ ಮತ್ತೆ ಏನನ್ನೂ ಮಾಡಲು ಬರುವಂತಿರಲಿಲ್ಲ.

ತೆರೆದ ತೂತಿನ ಮೇಲೆ ಬೆರಳಿಟ್ಟು ಊದಿದ. ಹಳೆಯ ಸ್ವರ ಬಂತು. ಬೆರಳೆತ್ತಿದ. ಸ್ವರ ಏರಿತು. ಕುರಿಗಳು ಮೇಯುವುದನ್ನು ಬಿಡಲಿಲ್ಲ. ರಾಮವ್ವ ಮೊರವನ್ನು ತೊಡೆಗೆ ಎಳೆದುಕೊಂಡು, "ಚೊಲೋ ಐತಿ" ಎಂದಳು.

ಮರುದಿನ ಗೋದಾಮಿನಲ್ಲಿ ಗುರಲಿಂಗಪ್ಪ ನೋಡಿದ ಮೊದಲ ವಸ್ತುವೇ ಆ ತೂತು.

"ತಗದ್ಯಾ?"

"ತಗದೇನ್ರಿ ಕಾಕಾ."

ಅವನು ತನ್ನ ಸನಾದಿಯ ನಾಲಗೆಯನ್ನು ಬಾಯಲ್ಲಿಟ್ಟು ನೆನೆಸುತ್ತ ಬೇರೆ ಕಡೆ ನೋಡಿದ. ತಾಳೆಗರಿಯ ಆ ಸಣ್ಣ ನಾಲಗೆ ನೆನೆಯುವವರೆಗೆ ಯಾರಾದರೂ ಮಾತಾಡದೆ ಇರಬಹುದು, ಅದಕ್ಕೆ ಕಾರಣ ಕೇಳುವವರಿಲ್ಲ. ಆ ದಿನ ಅದು ಬಹಳ ಹೊತ್ತು ನೆನೆಯಿತು.

ಮೊದಲ ಎರಡು ಪ್ರಯತ್ನ ಕೆಟ್ಟವು. ತಪ್ಪು ಧೂಳಪ್ಪನದು. ಬೆರಳು ಮೇಣದಂತೆ ಮುಚ್ಚುವುದಿಲ್ಲ. ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ಗಾಳಿ ಸೋರಿ ಸ್ವರ ತುಸು ಏರುತ್ತದೆ. ಹತ್ತಿರ ಹತ್ತಿರದ ಎರಡು ಸ್ವರಗಳು ಒಟ್ಟಿಗೆ ಬಂದರೆ ಅವುಗಳ ಅಲೆಗಳು ಒಮ್ಮೆ ಕೂಡುತ್ತವೆ, ಒಮ್ಮೆ ಕಳೆಯುತ್ತವೆ. ಕಿವಿಗೆ ಅದು ದನಿ ಉಬ್ಬಿ ತಗ್ಗಿದಂತೆ ಕೇಳಿಸುತ್ತದೆ. ಅನಿಲನ ಬಾಸ್ ಜೊತೆ ಧೂಳಪ್ಪನ ಶ್ರುತಿ ಹಾಗೆ ಉಬ್ಬಿ ತಗ್ಗತೊಡಗಿತು. ಸಲ್ಮಾನ ಕೈ ಎತ್ತಿ ನಿಲ್ಲಿಸಿದ. ಎರಡನೆಯ ಸಲವೂ ನಿಲ್ಲಿಸಿದ. ಆಮೇಲೆ ಜೇಬಿನಿಂದ ಮೊಬೈಲು ತೆಗೆದು ಸ್ಟೂಲಿನ ಮೇಲಿಟ್ಟ.

"ಇನ್ನೊಂದು ಸಲ ನೋಡೂಣು. ಇಲ್ಲಂದ್ರ ಇದೈತಿ" ಎಂದ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಸಂಜೆಯೊಳಗೆ ಕೆಲಸ ಮುಗಿಯಬೇಕಾಗಿತ್ತು.

ಧೂಳಪ್ಪ ನೆಲದ ಮೇಲೆ ಬಿದ್ದಿದ್ದ ಒಂದು ಬಾಡಿದ ನಿಂಬೆಹಣ್ಣನ್ನು ಎತ್ತಿಕೊಂಡು ಹಿಚುಕಿ, ಬೆರಳಿನ ತುದಿಗೆ ಆದ ತೇವವನ್ನು ತಿಕ್ಕಿಕೊಂಡ. ಒಣಚರ್ಮ ಮೆತ್ತಗಾಯಿತು. ಬೆರಳಿಟ್ಟು ಊದಿದ. ದನಿ ಈಗ ನೆಟ್ಟಗೆ ನಿಂತಿತು. ನಿಷತ ತಲೆಯಾಡಿಸಿದಳು.

ಏರುವ ಜಾಗಕ್ಕೆ ಅವಳು ಸನ್ನೆ ಮಾಡುವುದೆಂದು ಮಾತಾಗಿತ್ತು. ಸ್ಯಾಕ್ಸೊಫೋನ್ ಒಂಟಿಯಾಗಿ ನುಡಿಸಿದ ಮೇಲೆ ಅವಳು ತಲೆ ಬಾಗಿಸುತ್ತಾಳೆ, ಆಗ ಧೂಳಪ್ಪ ಬೆರಳೆತ್ತಬೇಕು. ಗುರಲಿಂಗಪ್ಪ ಬೇಡವೆಂದಿರಲಿಲ್ಲ, ಧೂಳಪ್ಪ ಒಪ್ಪಿದ್ದ. ಆದರೆ ಮೇಳದಲ್ಲಿ ಸನ್ನೆ ಎಂದರೆ ಅವನಿಗೆ ಒಂದೇ: ಗುರಲಿಂಗಪ್ಪನ ಎಡ ಹೆಗಲು. ಹೊಸ ಮಜಲಿಗೆ ಹೊರಳುವ ಮುಂಚೆ ಗುರಲಿಂಗಪ್ಪ ದೊಡ್ಡ ಉಸಿರು ಎಳೆದುಕೊಳ್ಳುತ್ತಾನೆ, ಹೆಗಲು ಏಳುತ್ತದೆ. ಅದನ್ನು ನೋಡಿ ಧೂಳಪ್ಪ ಒತ್ತಡ ಹೆಚ್ಚಿಸುತ್ತಾನೆ. ಇಷ್ಟು ವರ್ಷ ಅವನು ನುಡಿಸುವಾಗ ನೋಡಿದ್ದು ಆ ಹೆಗಲನ್ನು, ಅದರ ಮೇಲಿನ ಟವೆಲನ್ನು. ಹೆಗಲು ಎದ್ದರೆ ಏನಾದರೂ ಮಾಡಬೇಕೆಂಬುದು ಅವನ ಮೈಯಲ್ಲಿ ಇಳಿದುಹೋಗಿತ್ತು.

ಮೂರನೆಯ ಪ್ರಯತ್ನ ಚೆನ್ನಾಗಿ ಸಾಗಿತು. ಎಲ್ಲರೂ ಸೇರಿ ನುಡಿಸುವ ಭಾಗ ಮುಗಿಯಿತು. ಗುರಲಿಂಗಪ್ಪ ಸನಾದಿ ಇಳಿಸಿ ಸುಮ್ಮನೆ ನಿಂತ. ನಿಷತ ಒಂಟಿಯಾಗಿ ನುಡಿಸತೊಡಗಿದಳು. ಚಂದಪ್ಪನ ಕರಡಿ ತಗ್ಗಿನಲ್ಲಿ ಹಿಂದೆ ನಡೆಯುತ್ತಿತ್ತು. ಸದ್ದಾಗುತ್ತದೆಂದು ಫ್ಯಾನು ನಿಲ್ಲಿಸಿದ್ದರು. ನಿಷತ ಇನ್ನೂ ನಡುವೆ ಇದ್ದಳು, ಕಣ್ಣು ಮುಚ್ಚಿದ್ದಳು. ಆಗ ಒಂದು ನೊಣ ಗುರಲಿಂಗಪ್ಪನ ಎಡ ಹೆಗಲಿನ ಮೇಲೆ ಕೂತಿತು. ಕೈ ಬೀಸಿದರೆ ಸದ್ದಾದೀತೆಂದು ಅವನು ಹೆಗಲನ್ನಷ್ಟೇ ಎತ್ತಿ ಕೊಡವಿದ.

ಧೂಳಪ್ಪ ಬೆರಳೆತ್ತಿದ.

ಸ್ವರ ಏರಿತು. ನಿಷತಳ ಕಣ್ಣು ತೆರೆಯಿತು. ಅನಿಲನ ಬಾಸ್ ಹಳೆಯ ಜಾಗದಲ್ಲೇ ಇತ್ತು. ಎರಡೂ ಒಂದನ್ನೊಂದು ಉಜ್ಜಿದವು. ನಿಷತ ಒಂದು ಸಾಲನ್ನು ಅರ್ಧಕ್ಕೆ ಬಿಟ್ಟಳು. ಸಲ್ಮಾನನ ಕೈ ಮೇಲೇಳತೊಡಗಿತು.

ಧೂಳಪ್ಪನಿಗೆ ತಾನು ಮಾಡಿದ್ದು ತಕ್ಷಣ ತಿಳಿಯಿತು. ಬೆರಳು ಇಳಿಸಬಹುದಾಗಿತ್ತು. ಆದರೆ ಶ್ರುತಿ ಹಿಡಿದವನು ಅತ್ತ ಇತ್ತ ಅಲೆಯಬಾರದೆಂದು ಕಲಿತವನು ಅವನು. ತಪ್ಪು ಜಾಗದಲ್ಲಾದರೂ ಗಟ್ಟಿಯಾಗಿ ನಿಂತ. ಕೆನ್ನೆಯಿಂದ ಗಾಳಿ ಬಿಡುತ್ತ, ಮೂಗಿನಿಂದ ಎಳೆಯುತ್ತ, ಗುರಲಿಂಗಪ್ಪನ ಹೆಗಲನ್ನು ನೋಡುತ್ತ ನಿಂತ.

ಗುರಲಿಂಗಪ್ಪ ತಿರುಗಿ ನೋಡಿದ. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ, ನಡುಹಾಡಿನಲ್ಲಿ. ಒಂದು ಗಳಿಗೆ ನೋಡಿ, ಮುಂದೆ ತಿರುಗಿ, ಸನಾದಿಯನ್ನು ತುಟಿಗೆ ಹಚ್ಚಿದ.

ಅವನು ಹಾಡನ್ನು ಧೂಳಪ್ಪನ ಸ್ವರದಿಂದ ಎತ್ತಿಕೊಂಡ. ಅವನ ಬೆರಳುಗಳಿಗೆ ಅದು ರೂಢಿಯಿಲ್ಲದ ಜಾಗ, ಅರ್ಧ ಅರ್ಧ ತೂತು ಮುಚ್ಚಿ ನುಡಿಸಬೇಕು. ಮೊದಲ ಸಾಲಿನಲ್ಲಿ ಒಂದು ಸ್ವರ ತಡವರಿಸಿತು. ಎರಡನೆಯ ಸಾಲಿಗೆ ದಾರಿ ಸಿಕ್ಕಿತು. ಅನಿಲ ಬಾಸನ್ನು ಅಲ್ಲಿಗೆ ತಂದ. ನಿಷತ ಗುರಲಿಂಗಪ್ಪನ ಸಾಲುಗಳ ನಡುವಿನ ಸಂದಿನಲ್ಲಿ ಸೇರಿಕೊಂಡಳು. ಸಲ್ಮಾನನ ಕೈ ಅರ್ಧಕ್ಕೆ ನಿಂತು, ಮೆಲ್ಲಗೆ ಇಳಿದು, ಮೊಣಕಾಲಿನ ಮೇಲೆ ಕೂತಿತು.

ಈಗ ಇಳಿಯುವುದು ಯಾವಾಗ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಎಂಟು ಸುತ್ತಿನ ಲೆಕ್ಕ ಎಲ್ಲಿಯೋ ಬಿದ್ದುಹೋಗಿತ್ತು. ಧೂಳಪ್ಪನ ಕಣ್ಣು ಆ ಟವೆಲಿನ ಮೇಲಿತ್ತು. ಹಾಡು ಒಂದು ಸುತ್ತು ಬಂತು, ಇನ್ನೊಂದು ಬಂತು. ಅವನ ಕುತ್ತಿಗೆಯ ನರಗಳು ಎದ್ದಿದ್ದವು. ಆಗ ಗುರಲಿಂಗಪ್ಪನ ಎಡ ಹೆಗಲು ಎದ್ದಿತು. ನೊಣ ಇರಲಿಲ್ಲ. ಉಸಿರಿಗೂ ಅಲ್ಲ, ಅಷ್ಟು ಎತ್ತರಕ್ಕೆ ಉಸಿರಿಗೆ ಹೆಗಲು ಏಳುವುದಿಲ್ಲ. ಕುರುಡನಿಗೂ ಕಾಣುವಂತೆ ಎತ್ತಿದ.

ಧೂಳಪ್ಪ ಬೆರಳಿಳಿಸಿದ. ಎಲ್ಲರೂ ಒಟ್ಟಿಗೆ ಮೊದಲಿನ ಸ್ವರಕ್ಕೆ ಮರಳಿದರು.

ಹಾಡು ಮುಗಿದ ಮೇಲೆ ಬಹಳ ಹೊತ್ತು ಯಾರೂ ಅಲುಗಾಡಲಿಲ್ಲ, ಮೈಕು ಇನ್ನೂ ಕೇಳುತ್ತಿತ್ತು. ಸಲ್ಮಾನ ಗುಂಡಿ ಒತ್ತಿದ ಮೇಲೆ ಧೂಳಪ್ಪ ಮೊದಲು ಮಾತಾಡಿದ. "ತಪ್ಪಾತ್ರಿ. ಇನ್ನೊಂದು ಸಲ ಮಾಡೂಣ್ರಿ."

"ಮೊದಲ ಕೇಳೂಣು" ಎಂದಳು ನಿಷತ.

ಕೇಳಿದರು. ಸ್ವರ ಏರುವ ಜಾಗದಲ್ಲಿ ಅವಳು ಬಿಟ್ಟ ಅರ್ಧ ಸಾಲು ಹಾಗೆಯೇ ಇತ್ತು, ಅನಿಲನ ಬಾಸ್ ಉಜ್ಜಿದ್ದೂ ಇತ್ತು, ಗುರಲಿಂಗಪ್ಪ ತಡವರಿಸಿದ್ದೂ ಇತ್ತು. ನಿಷತ ಎರಡನೆಯ ಸಲ ಹಾಕಿಸಿ ಕೇಳಿದಳು. "ಇದನ್ನ ಇಡೂಣು" ಎಂದಳು. "ಇನ್ನೊಮ್ಮೆ ಮಾಡಿದ್ರ ಸರಿ ಬರ್ತೈತಿ. ಇದು ಬರೂದಿಲ್ಲ."

ಸಲ್ಮಾನ ಮೊಬೈಲನ್ನು ಎತ್ತಿ ಜೇಬಿಗೆ ಹಾಕಿಕೊಂಡ. "ಅಲ್ಲ ಧೂಳಪ್ಪ ಕಾಕಾ, ಆಕಿ ಸನ್ನಿ ಮಾಡಿರಲಿಲ್ಲ. ನೀವ್ಯಾಕ ಏರಿಸಿದ್ರಿ?"

ಧೂಳಪ್ಪ ಉತ್ತರ ಹುಡುಕುವಷ್ಟರಲ್ಲಿ ಗುರಲಿಂಗಪ್ಪ ಹೇಳಿದ: "ನನ್ನ ಹೆಗಲಿಗೆ ನೊಣ ಕುಂತಿತ್ತು. ನಾ ಕೊಡವಿದೆ. ಇವ ಸುತಿ ಏರಿಸಿದ."

ಚಂದಪ್ಪ ಕರಡಿಯ ಮೇಲೆ ತಲೆಯಿಟ್ಟು ನಗತೊಡಗಿದ. "ಪುಣ್ಯಾಕ ಒಂದ ನೊಣ. ನಾಕು ಕುಂತಿದ್ರ ಎಲ್ಲಿ ಮುಟ್ಟತಿದ್ವಿ?"

ನಗು ನಿಂತ ಮೇಲೆ ನಿಷತ ಹಾಡಿಗೆ ಹೆಸರು ಬೇಕೆಂದಳು. ಗುರಲಿಂಗಪ್ಪ ಸನಾದಿಯನ್ನು ಚೀಲಕ್ಕೆ ಹಾಕುತ್ತ, "ನೊಣ ಅಂತಿಡವಾ" ಎಂದ. ಹಾಗೆಯೇ ಇಟ್ಟರು.

ಹಿಪ್ಪರಗಿಗೆ ಮರಳುವ ಜೀಪಿನಲ್ಲಿ ಗುರಲಿಂಗಪ್ಪನೂ ಧೂಳಪ್ಪನೂ ಪಕ್ಕಪಕ್ಕ ಕೂತಿದ್ದರು. ಸಿಂದಗಿ ದಾಟುವಾಗ ಗುರಲಿಂಗಪ್ಪನಿಗೆ ನಿದ್ದೆ ಹತ್ತಿ ತಲೆ ಧೂಳಪ್ಪನ ಹೆಗಲಿಗೆ ಒರಗಿತು. ಊರು ಬರುವವರೆಗೆ ಧೂಳಪ್ಪ ಹೆಗಲು ಅಲ್ಲಾಡಿಸಲಿಲ್ಲ.

ರೆಕಾರ್ಡಿಂಗ್ ಹೊರಗೆ ಬಂದದ್ದು ಕೆಲವು ತಿಂಗಳ ಮೇಲೆ. ನಿಷತ ಅದನ್ನು ಮೊಬೈಲಿಗೆ ಕಳಿಸಿದಳು. ರಾಮವ್ವ ರೊಟ್ಟಿ ಬಡಿಯುತ್ತ ಕೇಳಿದಳು. ಸ್ಯಾಕ್ಸೊಫೋನ್ ಬಂದಾಗ, ಇದು ಎಮ್ಮೆಗಿಂತ ಚಲೋ ಒದರುತ್ತದೆ ಎಂದಳು. ಸ್ವರ ಏರಿದ ಜಾಗಕ್ಕೆ ಅವಳ ಕೈ ಹಿಟ್ಟಿನ ಮೇಲೆ ನಿಂತಿತು.

"ಇಲ್ಲಿ ನೀವ ಅಲ?"

"ಹೂಂ."

"ಇನ್ನೊಮ್ಮೆ ಹಚ್ರಿ."

ಅವನು ಹಚ್ಚಿದ. ಮೂರನೆಯ ಸಲ ಹಚ್ಚುವಾಗ ಒಲೆಯ ಮೇಲಿನ ರೊಟ್ಟಿ ಸೀದಿತ್ತು.

ಆದರೆ ಇದಕ್ಕೆ ಮೊದಲೇ, ಇಂಡಿಯಿಂದ ಬಂದ ವಾರದಲ್ಲೇ, ಮೇಳಕ್ಕೆ ಬಸವನ ಬಾಗೇವಾಡಿಯಲ್ಲಿ ಒಂದು ಮದುವೆಯಿತ್ತು. ಮದುವೆಯಲ್ಲಿ ಶ್ರುತಿ ಏರುವುದಿಲ್ಲ, ಇಳಿಯುವುದಿಲ್ಲ. ಬಿಸಿಲಲ್ಲಿ ಮೆರವಣಿಗೆಯ ಜೊತೆ ನಡೆಯುತ್ತ ಬೆರಳಿನಿಂದ ತೂತು ಮುಚ್ಚಿ ಹಿಡಿದರೆ ಬೆವರಿಗೆ ಜಾರುತ್ತದೆ, ಗುರಲಿಂಗಪ್ಪನ ಹಾಡು ಕೆಡುತ್ತದೆ. ಧೂಳಪ್ಪ ಹಿಂದಿನ ದಿನ ಪೇಟೆಯಿಂದ ಹೊಸ ಜೇನುಮೇಣ ತಂದು, ಚಮಚದಲ್ಲಿ ಕಾಯಿಸಿ, ತೂತಿಗೆ ತುಂಬಿ, ತನ್ನ ಹೆಬ್ಬೆರಳಿನಿಂದಲೇ ಒತ್ತಿದ. ಉಳಿದ ಆರು ಕಪ್ಪಾಗಿದ್ದವು. ಇದೊಂದು ಹಳದಿಯಾಗಿತ್ತು.

ಮದುವೆಯ ಕಲ್ಯಾಣ ಮಂಟಪದ ಮುಂದೆ ಮೇಳ ನಿಂತಾಗ, ಕರಡಿ ಶುರುವಾಗುವ ಮೊದಲು, ಗುರಲಿಂಗಪ್ಪ ಕೈ ಚಾಚಿದ. ಧೂಳಪ್ಪ ಸನಾದಿ ಕೊಟ್ಟ. ಗುರಲಿಂಗಪ್ಪ ಅದನ್ನು ಬಿಸಿಲಿಗೆ ಹಿಡಿದು ಹಳದಿ ಮೇಣವನ್ನು ನೋಡಿದ, ಅದರ ಮೇಲಿನ ಗೆರೆಗಳನ್ನು ನೋಡಿದ. ಉಗುರಿನಿಂದ ಒತ್ತಿದ. ಉಗುರು ಒಳಗಿಳಿದು ಒಂದು ಗುರುತು ಉಳಿಯಿತು.

"ಹಸೀದೈತಿ" ಎಂದ.

"ಹೌದ್ರಿ ಕಾಕಾ."

"ಚುಚ್ಚೂದು ಬೇಕಾಗೂದಿಲ್ಲ ಇದಕ್ಕ. ಉಗರಲೇ ಬರ್ತೈತಿ."

"ಬರ್ತೈತ್ರಿ."

ಗುರಲಿಂಗಪ್ಪ ಸನಾದಿಯನ್ನು ತಿರುಗಿ ಕೊಟ್ಟು ಟವೆಲ್ ಸರಿಮಾಡಿಕೊಂಡ. "ಇರಲಿ" ಎಂದ. "ಗಟ್ಟಿ ಆಗಾಕ ಬಿಡಬ್ಯಾಡ."

ಆಮೇಲೆ ಮುಂದೆ ತಿರುಗಿ ನಿಂತ. ಧೂಳಪ್ಪ ಅರ್ಧ ಹೆಜ್ಜೆ ಹಿಂದೆ ನಿಂತು, ಆ ಹೆಗಲನ್ನು ನೋಡುತ್ತ, ಶ್ರುತಿ ಹಿಡಿದ.